ಪಟ್ಟಿಯಿಂದ ತೆಗೆಯುವುದು

ಪಟ್ಟಿಗೆ ಹೊಸದೊಂದನ್ನು ಸೇರಿಸುವುದು ಸುಲಭ, ಕೊನೆಯಲ್ಲಿ ಬರೆದರಾಯಿತು. ಪಟ್ಟಿಯಿಂದ ತೆಗೆಯುವುದಾದರೋ ಹಾಗಲ್ಲ. ತೆಗೆಯಬೇಕಾದುದನ್ನೇ ತೆಗೆದೆವೆ? ಉಳಿಯಬೇಕಾದುದು ಉಳಿಯಿತೆ? ಗಣಕಯಂತ್ರದ ಆಟಗಳನ್ನು ರಚಿಸುವವರನ್ನು ಕಾಡುವ ಈ ಪ್ರಶ್ನೆಗಳೇ ಮತದಾರರ ಪಟ್ಟಿಯನ್ನು ನೋಡಿಕೊಳ್ಳುವ ಅಧಿಕಾರಿಗಳನ್ನೂ ಕಾಡುತ್ತವೆ.

ಹಲಸೂರು ಕೆರೆಯನ್ನು ಹಿನ್ನೆಲೆಯಾಗಿಸಿಕೊಂಡು ವಿದ್ಯಾರ್ಥಿಯೊಬ್ಬನು ಆಟವೊಂದನ್ನು ರಚಿಸಿದನೆಂದು ಭಾವಿಸೋಣ. ಕೆರೆಯ ಮೇಲೆ ಐದು ಬಲೂನುಗಳು ತೇಲುತ್ತಿವೆ. ಬಾಣ ತಾಗಿದ ಬಲೂನು ಮಾಯವಾಗಬೇಕು. ಪರದೆಯ ಮೇಲೆ ನಮಗೆ ಕಾಣುವುದು ಬಲೂನುಗಳು; ಯಂತ್ರದ ಒಳಗೆ ಇರುವುದು ಅವುಗಳ ಪಟ್ಟಿ. ಯಂತ್ರವು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ, ಬಾಣ ತಾಗಿದವುಗಳನ್ನು ತೆಗೆದು, ಉಳಿದವುಗಳನ್ನು ಚಿತ್ರಿಸುತ್ತದೆ.

ಒಮ್ಮೆಗೇ ಎರಡನೆಯ ಮತ್ತು ಮೂರನೆಯ ಬಲೂನುಗಳಿಗೆ ಬಾಣ ತಾಗಿತೆನ್ನಿ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಂತ ಜನರನ್ನು ನೆನೆಯಿರಿ. ಎರಡನೆಯವನು ಹೊರಟುಹೋದರೆ ಹಿಂದಿನವರೆಲ್ಲರೂ ಒಂದೊಂದು ಹೆಜ್ಜೆ ಮುಂದೆ ಬರುತ್ತಾರೆ. ಪಟ್ಟಿಯಲ್ಲಿಯೂ ಹಾಗೆಯೇ. ಎರಡನೆಯ ಬಲೂನನ್ನು ತೆಗೆದೊಡನೆ ಮೂರನೆಯದು ಎರಡನೆಯ ಸ್ಥಾನಕ್ಕೆ ಸರಿಯುತ್ತದೆ. ಯಂತ್ರವು ಎರಡನೆಯ ಸ್ಥಾನದ ಕೆಲಸ ಮುಗಿಯಿತೆಂದು ಮೂರನೆಯ ಸ್ಥಾನಕ್ಕೆ ಹೋಗುತ್ತದೆ. ಅಲ್ಲಿ ಈಗ ಇರುವುದು ಹಿಂದೆ ನಾಲ್ಕನೆಯದಾಗಿದ್ದ ಬಲೂನು. ಹೀಗೆ ಬಾಣ ತಾಗಿದ ಮೂರನೆಯ ಬಲೂನು ಪರೀಕ್ಷೆಗೇ ಒಳಗಾಗದೆ ತಪ್ಪಿಸಿಕೊಳ್ಳುತ್ತದೆ. ತೆಗೆಯಬೇಕಾದ ಸ್ಥಾನಗಳು ಎರಡು ಮತ್ತು ಮೂರು ಎಂದು ಮೊದಲೇ ಬರೆದಿಟ್ಟುಕೊಂಡಿದ್ದರೆ ಫಲ ಇನ್ನೂ ಕೆಟ್ಟದು: ಆಗ ತಪ್ಪಿಲ್ಲದ ನಾಲ್ಕನೆಯ ಬಲೂನು ಒಡೆಯುತ್ತದೆ. ಜಾವಾ ಎಂಬ ಗಣಕ ಭಾಷೆಯು ಪಟ್ಟಿಯನ್ನು ಓದುತ್ತಿರುವಾಗಲೇ ಅದನ್ನು ಬದಲಿಸಿದರೆ ಸಾಮಾನ್ಯವಾಗಿ ಕೆಲಸವನ್ನು ನಿಲ್ಲಿಸಿ ದೋಷವನ್ನು ಸೂಚಿಸುತ್ತದೆ. ಪೈಥಾನ್ ಭಾಷೆಯ ಪಟ್ಟಿಯು ಮೌನವಾಗಿ ಮುಂದುವರಿಯುತ್ತದೆ. ಗದರಿಸುವ ಭಾಷೆಯೇ ಕಲಿಯುವವರಿಗೆ ಹೆಚ್ಚು ಉಪಕಾರಿಯೆಂದು ನನ್ನ ಅಭಿಪ್ರಾಯ.

ಇದಕ್ಕೆ ಪರಿಹಾರವುಂಟು. ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದಬಹುದು; ಆಗ ಸ್ಥಾನ ಬದಲಿಸುವವು ಈಗಾಗಲೇ ಪರೀಕ್ಷಿತವಾದವು ಮಾತ್ರ. ಇಲ್ಲವೇ ಬಾಣ ತಾಗಿದವುಗಳಿಗೆ ಗುರುತು ಹಾಕುತ್ತ ಹೋಗಿ, ಓದು ಪೂರ್ತಿ ಮುಗಿದ ಬಳಿಕ ಗುರುತಿಲ್ಲದವುಗಳಿಂದ ಹೊಸ ಪಟ್ಟಿಯನ್ನು ಮಾಡಬಹುದು.

ಇನ್ನೊಂದು ತೊಡಕು ಹೋಲಿಕೆಯದು. ಬಣ್ಣವೂ ಅಂಕವೂ ಸಮನಾಗಿದ್ದರೆ ಎರಡು ಬಲೂನುಗಳು ಒಂದೇ ಎಂದು ಆಟವನ್ನು ರಚಿಸಿದವನು ಬರೆದಿಟ್ಟಿದ್ದಾನೆ. ‘ಈ ಕೆಂಪು ಬಲೂನನ್ನು ತೆಗೆ’ ಎಂದು ಪೈಥಾನಿಗೆ ಹೇಳಿದರೆ, ಅದು ಪಟ್ಟಿಯಲ್ಲಿ ಮೊದಲು ಸಿಕ್ಕ ಅಂತಹ ಬಲೂನನ್ನು ತೆಗೆದುಬಿಡುತ್ತದೆ. ಬಾಣ ತಾಗಿದ್ದು ಒಂದಕ್ಕೆ, ಹೋದದ್ದು ಮತ್ತೊಂದು. ಆದುದರಿಂದ ಪ್ರತಿಯೊಂದು ಬಲೂನಿಗೂ ಅದು ಹುಟ್ಟುವಾಗಲೇ ಬೇರಾವುದಕ್ಕೂ ಇಲ್ಲದ, ಸ್ಥಾನ ಬದಲಾದರೂ ಬದಲಾಗದ ಸಂಖ್ಯೆಯೊಂದನ್ನು ಕೊಡುವುದು ಲೇಸು.

ಆಟದಲ್ಲಿ ತಪ್ಪಾದರೆ ಮತ್ತೆ ಆಡಬಹುದು. ಮತದಾರರ ಪಟ್ಟಿಯಲ್ಲಿ ತಪ್ಪಾದರೆ ಒಬ್ಬ ನಾಗರಿಕನು ಮತಗಟ್ಟೆಯಿಂದ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಪ್ರದೇಶವನ್ನೇ ನೋಡಿ. ಕನ್ನಡ, ತಮಿಳು, ಉರ್ದು, ತೆಲುಗು ಮಾತನಾಡುವ ಮನೆಗಳು ಇಲ್ಲಿ ಒತ್ತೊತ್ತಾಗಿವೆ. ಒಂದೇ ಹೆಸರಿನವರು ಅನೇಕರು. ಒಬ್ಬರ ಹೆಸರನ್ನೇ ಎರಡು ಬಗೆಯಲ್ಲಿ ಬರೆಯುವುದೂ ಉಂಟು. ಬರಿಯ ಹೆಸರನ್ನು ನೋಡಿ ತೆಗೆಯಹೊರಟರೆ ಆಗುವುದು ಕೆಂಪು ಬಲೂನಿನ ಕಥೆಯೇ. ಮತದಾರರ ಗುರುತಿನ ಚೀಟಿಯಲ್ಲಿ ಮೂರು ಅಕ್ಷರ ಮತ್ತು ಏಳು ಅಂಕಿಗಳ ಸಂಖ್ಯೆಯಿರುವುದು ಇದಕ್ಕಾಗಿಯೇ. ಅಲ್ಲದೆ, ಪಟ್ಟಿಯನ್ನು ಹೊಸದಾಗಿ ಮುದ್ರಿಸುವವರೆಗೆ, ತೆಗೆದ ಹೆಸರಿನ ಜಾಗವನ್ನು ಮುಚ್ಚಿ ಹಿಂದಿನವರನ್ನು ಮುಂದೆ ಸರಿಸುವುದಿಲ್ಲ. ತೆಗೆದುಹಾಕಲಾಗಿದೆ ಎಂಬ ಗುರುತನ್ನು ಹಾಕುತ್ತಾರೆ. ನೆರೆಯವರ ಕ್ರಮಸಂಖ್ಯೆ ಕದಲದೆ ಉಳಿಯುತ್ತದೆ.

ಹೆಸರನ್ನು ತೆಗೆಯಬೇಕೆಂದು ಕೋರುವವರು ‘ನಮೂನೆ 7’ ಎಂಬ ಅರ್ಜಿಯನ್ನು ಸಲ್ಲಿಸಬೇಕು. ಊರು ಬಿಟ್ಟಿದ್ದಾರೆಂಬ ಕಾರಣಕ್ಕೆ ಒಬ್ಬರ ಹೆಸರನ್ನು ತೆಗೆಯುವ ಮುನ್ನ, ಅವರ ಮಾತನ್ನು ಕೇಳಲು ತಕ್ಕ ಅವಕಾಶ ಕೊಡಬೇಕೆಂದು 1950ರ ಜನತಾ ಪ್ರಾತಿನಿಧ್ಯ ಕಾಯಿದೆಯು ವಿಧಿಸುತ್ತದೆ. ಬಲೂನಿಗೆ ಈ ಸೌಲಭ್ಯವಿಲ್ಲ!

2022ರ ನವೆಂಬರಿನಲ್ಲಿ, ಬೆಂಗಳೂರಿನ ಮತದಾರರ ಮಾಹಿತಿಯನ್ನು ಅಕ್ರಮವಾಗಿ ಸಂಗ್ರಹಿಸಲಾಗಿದೆಯೆಂಬ ದೂರುಗಳು ಕೇಳಿಬಂದವು. ಆಗ ಚುನಾವಣಾ ಆಯೋಗವು ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷದ ಜನವರಿ 1ರ ನಂತರ ಸೇರಿಸಿದ ಹಾಗೂ ತೆಗೆದ ಹೆಸರುಗಳನ್ನು ಒಂದನ್ನೂ ಬಿಡದೆ ಮತ್ತೆ ಪರಿಶೀಲಿಸುವಂತೆ ಆಜ್ಞಾಪಿಸಿತು. ಹಕ್ಕು ಮತ್ತು ಆಕ್ಷೇಪಣೆಗಳನ್ನು ಸಲ್ಲಿಸುವ ಅವಧಿಯನ್ನು ಆ ಮೂರು ಕ್ಷೇತ್ರಗಳಲ್ಲಿ ಡಿಸೆಂಬರ್ 24ರವರೆಗೆ ಮುಂದುವರಿಸಲಾಯಿತು.