ಕ್ಯಾನ್ಸರ್ ಇರುವವರಿಗೆ ಫಿಟ್ಸ್ ಬಂದರೆ ಮೊದಲು ಆಸ್ಪತ್ರೆ

ಕ್ಯಾನ್ಸರ್ ಚಿಕಿತ್ಸೆಗೆಂದು ಕರಾವಳಿಯಿಂದ ಬೆಂಗಳೂರಿಗೆ ಬರುವ ನಮ್ಮವರಲ್ಲಿ ಹಲವರು ತಿಲಕನಗರ, ಗುರಪ್ಪನಪಾಳ್ಯ, ಬಿಟಿಎಂ ಲೇಔಟ್ ಕಡೆಯ ಸಂಬಂಧಿಕರ ಮನೆಯಲ್ಲಿ ಉಳಿದುಕೊಳ್ತಾರೆ. ಕೀಮೋ ನಡೆಯುತ್ತಿರುವಾಗ ಒಂದು ದಿನ ಉಮ್ಮನಿಗೋ ಉಪ್ಪನಿಗೋ ಇದ್ದಕ್ಕಿದ್ದಂತೆ ಫಿಟ್ಸ್ ಬಂದರೆ ಮನೆಯವರ ಕೈಕಾಲು ಆಡುವುದಿಲ್ಲ. ಒಬ್ಬರು ಕೀಲಿಕೈ ಗೊಂಚಲು ಹುಡುಕ್ತಾರೆ. ಇನ್ನೊಬ್ಬರು ‘ಇದು ಬೇರೆಯೇ ಏನೋ ಉಪದ್ರ’ ಎಂದು ಉಸ್ತಾದರಿಗೆ ಫೋನ್ ಮಾಡ್ತಾರೆ. ಮದ್ರಸದಲ್ಲಿ ಕಲಿಸುವ ನಮಗೂ ಇಂತಹ ಕರೆಗಳು ಬರುವುದುಂಟು. ನಾವು ಹೇಳುವುದು ಇಷ್ಟೇ: ದುಆ ಎಲ್ಲಿ ಕುಳಿತೂ ಮಾಡಬಹುದು, ಮೆದುಳಿನ ಸ್ಕ್ಯಾನ್ ಆಸ್ಪತ್ರೆಯಲ್ಲಿ ಮಾತ್ರ ಆಗ್ತದೆ.

ಆ ಹೊತ್ತಿಗೆ ಏನು ಮಾಡಬೇಕು?

ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಳಿ ಬಟ್ಟೆ ಸಡಿಲಿಸಿ. ಬಾಯಿಗೆ ಚಮಚ, ನೀರು, ಮಾತ್ರೆ ಯಾವುದನ್ನೂ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಕೀಲಿಕೈಗೆ ಬರ್ತದೆ! ಆದರೆ ಕ್ಯಾನ್ಸರ್ ಇರುವವರಿಗೆ ಇದು ಮೊದಲ ಸಲವಾದರೆ, ಬೇಗ ನಿಂತರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಫಿಟ್ಸೂ ಬಿದ್ದು ಒದ್ದಾಡುವಂಥದ್ದಲ್ಲ. ಒಂದು ಕೈ ಮಾತ್ರ ಅದುರುವುದು, ಬಾಯಿ ಒಂದು ಕಡೆ ಎಳೆಯುವುದು, ಸ್ವಲ್ಪ ಹೊತ್ತು ಮಾತು ನಿಲ್ಲುವುದು, ಕರೆದರೂ ಓಗೊಡದೆ ದಿಟ್ಟಿಸುವುದು, ಇವೂ ಫಿಟ್ಸ್ ಆಗಿರಬಹುದು. ಯಾರಾದರೂ ಒಬ್ಬರು ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟರೆ ಡಾಕ್ಟರಿಗೆ ದೊಡ್ಡ ಸಹಾಯ.

ಸ್ಕ್ಯಾನ್ ಯಾಕೆ?

ಶ್ವಾಸಕೋಶ, ಸ್ತನ, ಮೂತ್ರಪಿಂಡದ ಕ್ಯಾನ್ಸರ್ ಕೆಲವರಲ್ಲಿ ರಕ್ತದ ಮೂಲಕ ಮೆದುಳಿಗೆ ಹರಡುತ್ತದೆ. ಅಲ್ಲಿನ ಗಡ್ಡೆಯೂ ಸುತ್ತಲಿನ ಬಾವೂ ಮೆದುಳಿನ ವಿದ್ಯುತ್ ಸಂಕೇತಗಳನ್ನು ಕೆಡಿಸಿದಾಗ ಫಿಟ್ಸ್ ಬರ್ತದೆ. ಹಾಗೆಂದು ಪ್ರತಿ ಸಲವೂ ಗಡ್ಡೆಯೇ ಕಾರಣವಲ್ಲ. ರಕ್ತದಲ್ಲಿ ಸೋಡಿಯಂ ಇಳಿದರೂ, ಸಕ್ಕರೆ ಕಡಿಮೆಯಾದರೂ, ಸೋಂಕು ತಗಲಿದರೂ, ಕೆಲವು ಔಷಧಿಗಳಿಂದಲೂ ಬರಬಹುದು. ಆದ್ದರಿಂದ ರಕ್ತ ಪರೀಕ್ಷೆಯೂ ಬೇಕು, ಸ್ಕ್ಯಾನೂ ಬೇಕು.

ತುರ್ತಿನಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಮಾಡ್ತಾರೆ. ಕೆಲವೇ ನಿಮಿಷದ ಕೆಲಸ, ರಕ್ತಸ್ರಾವ ಇದ್ದರೆ ಗೊತ್ತಾಗುತ್ತದೆ. ಸಣ್ಣ ಗಡ್ಡೆಗಳನ್ನು ಚೆನ್ನಾಗಿ ತೋರಿಸುವುದು ರಕ್ತನಾಳಕ್ಕೆ ಔಷಧ ಕೊಟ್ಟು ಮಾಡುವ ಎಂ.ಆರ್.ಐ. ‘ಹೋದ ತಿಂಗಳಷ್ಟೇ ಇಡೀ ಮೈಯ ಪೆಟ್ ಸ್ಕ್ಯಾನ್ ಆಗಿದೆ, ತಲೆಯಲ್ಲಿ ಏನೂ ಇಲ್ಲ’ ಎನ್ನುವವರಿದ್ದಾರೆ. ಪೆಟ್ ಸ್ಕ್ಯಾನ್ ಸಾಮಾನ್ಯವಾಗಿ ಹುಡುಕುವುದು ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು. ಮೆದುಳು ಆರೋಗ್ಯವಾಗಿದ್ದಾಗಲೂ ಸಕ್ಕರೆ ಹೀರುತ್ತಲೇ ಇರ್ತದೆ. ಆ ಬೆಳಕಿನ ನಡುವೆ ಚಿಕ್ಕ ಗಡ್ಡೆ ಕಾಣದೆ ಹೋಗಬಹುದು. ಹಾಗಾಗಿ ಡಾಕ್ಟರ್ ಪುನಃ ಎಂ.ಆರ್.ಐ. ಬರೆದರೆ ‘ಸುಮ್ಮನೆ ದುಡ್ಡು ಮಾಡ್ಲಿಕ್ಕೆ’ ಎಂದು ತಳ್ಳಿಹಾಕಬೇಡಿ.

ಎಂ.ಆರ್.ಐ. ಎಂದರೆ ದೊಡ್ಡ ಅಯಸ್ಕಾಂತ. ಉಂಗುರ, ಬಳೆ, ಹಿಜಾಬಿನ ಪಿನ್ನು, ಬೆಳ್ಳಿಯ ಉಡಿದಾರ, ಲೋಹದ ಏಲಸ್ಸು ಎಲ್ಲವನ್ನೂ ಮೊದಲೇ ತೆಗೆದಿಡಿ. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ತಪ್ಪದೆ ಹೇಳಿ. ಒಳಗೆ ಜೋರು ಸದ್ದಾಗ್ತದೆ, ನೋವಾಗುವುದಿಲ್ಲ.

ಗಡ್ಡೆ ಕಂಡರೆ ಎಲ್ಲ ಮುಗಿಯಿತೆ?

ಇಲ್ಲ. ಬಾವು ಇಳಿಸಲು ಸ್ಟೀರಾಯ್ಡ್, ಫಿಟ್ಸ್ ತಡೆಯಲು ಮಾತ್ರೆ, ಆಮೇಲೆ ಗಡ್ಡೆ ನೋಡಿ ವಿಕಿರಣ ಅಥವಾ ಶಸ್ತ್ರಚಿಕಿತ್ಸೆ ಇದೆ. ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ, ಶುಗರ್ ಇರುವವರು ಪರೀಕ್ಷಿಸುತ್ತಿರಬೇಕು. ಅದನ್ನು ತಟ್ಟನೆ ನಿಲ್ಲಿಸಲೂಬಾರದು. ಪಕ್ಕದ ಮನೆಯವರ ಹಳೆಯ ಫಿಟ್ಸ್ ಮಾತ್ರೆ ಕೊಡಬೇಡಿ, ಕೆಲವು ಮಾತ್ರೆಗಳು ಕೀಮೋದ ಬಲವನ್ನೇ ಕುಗ್ಗಿಸ್ತವೆ. ಡಾಕ್ಟರ್ ಒಪ್ಪುವ ತನಕ ವಾಹನ ಓಡಿಸುವುದು, ಬಚ್ಚಲಿಗೆ ಒಳಗಿಂದ ಚಿಲಕ ಹಾಕುವುದು ಬೇಡ. ರಮಳಾನಿನಲ್ಲಿ ಉಪವಾಸಕ್ಕೆಂದು ಮಾತ್ರೆ ತಪ್ಪಿಸಿದರೆ ಫಿಟ್ಸ್ ಮರಳಬಹುದು. ರೋಗಿಗೆ ರಿಯಾಯಿತಿ ಕೊಟ್ಟದ್ದು ದೀನೇ ಅಲ್ಲವೇ?

1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಮೆದುಳು, ನರರೋಗಗಳ ನಿಮ್ಹಾನ್ಸೂ ಹೊಸೂರು ರಸ್ತೆಯ ಬಳಿ ಕೂಗಳತೆಯ ದೂರದಲ್ಲಿವೆ, ಎರಡೂ ಸರಕಾರಿ ಸಂಸ್ಥೆಗಳು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವುಂಟು. ರೇಷನ್ ಕಾರ್ಡು, ಆಧಾರ್, ಹಳೆಯ ಸ್ಕ್ಯಾನುಗಳು, ಔಷಧದ ಚೀಟಿಗಳು ಒಂದೇ ಚೀಲದಲ್ಲಿರಲಿ. ಫಿಟ್ಸ್ ಬಂದದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ನೀವು ಹೇಳಿದರೆ ಮಾತ್ರ ಡಾಕ್ಟರಿಗೆ ಗೊತ್ತಾಗುವುದು.