ತೆಂಗಿನ ಗರಿಯ ಕಾವಲುಗಾರರನ್ನು ಹುಡುಕಿ ಕೊಡುವ ಮೊಲದ ರಕ್ತ!

ಕಾಸರಗೋಡು: ಜೂನ್‌ನಿಂದ ಸೆಪ್ಟೆಂಬರ್ ತನಕ ಸಾಕು ಸಾಕೆನಿಸುವಷ್ಟು ಮಳೆ, ಡಿಸೆಂಬರ್ ಕಳೆದರೆ ಹನಿ ನೀರಿಗೂ ತತ್ವಾರ. ಮುರಕಲ್ಲು ಗುಡ್ಡೆಯಲ್ಲಿ ತೆಂಗಿನ ತೋಟ ಇರುವವರಿಗೆ ಇದೇನೂ ಹೊಸತಲ್ಲ. ಆದರೆ ಬರದ ಪೆಟ್ಟು ತೆಂಗಿನಲ್ಲಿ ಅದೇ ವರ್ಷ ಮುಗಿಯುವುದಿಲ್ಲ. ಸುಳಿಯೊಳಗೆ ಹೊಂಬಾಳೆ ಮೂಡತೊಡಗಿದಲ್ಲಿಂದ ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಬೇಕು. ಈ ಬೇಸಿಗೆಯ ಬರ ಇನ್ನು ಎರಡು ಮೂರು ವರ್ಷ ಗೊನೆಯಲ್ಲಿ ಲೆಕ್ಕ ಕೇಳುತ್ತದೆ. ಬರ ತಾಳುವ ಮರ ಯಾವುದೆಂದು ಕಾಯಿ ಎಣಿಸಿಯೇ ತಿಳಿಯುತ್ತೇನೆಂದು ಹೊರಟರೆ ಅರ್ಧ ಆಯುಷ್ಯ ಅದರಲ್ಲೇ ಹೋದೀತು. ಹಾಗಾಗಿ ಗರಿಯೊಳಗೇ ಇಣುಕಿ ನೋಡುವ ಪ್ರಯತ್ನ.

ನೀರಿಲ್ಲದಾಗ ಎಲೆ ತನ್ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗಾಲದ ಡೈ ಆಕ್ಸೈಡ್ ಒಳಗೆ ಬರುವುದಿಲ್ಲ, ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಹೀಗೆ ಹೆಚ್ಚಾದ ಶಕ್ತಿ ಆಮ್ಲಜನಕದ ಮೇಲೆ ಹಾರಿ ಅದನ್ನು ‘ಸೂಪರ್ ಆಕ್ಸೈಡ್’ ಎಂಬ ಪುಂಡನನ್ನಾಗಿ ಮಾಡುತ್ತದೆ. ಈ ಜಾತಿಯ ಪುಂಡರು ಜೀವಕೋಶದ ಪೊರೆಯ ಕೊಬ್ಬನ್ನೇ ಕೆಡಿಸಿ ಹಾಕುತ್ತಾರೆ. ಇವರನ್ನು ಹಿಡಿಯಲು ಗಿಡವೂ ಕಾವಲುಗಾರರನ್ನು ಇಟ್ಟುಕೊಂಡಿದೆ. ಅವೇ ಆ್ಯಂಟಿ ಆಕ್ಸಿಡೆಂಟ್ ಕಿಣ್ವಗಳು. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಎಂಬುದು ಪುಂಡನನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಾಯಿಸಿದರೆ, ಕ್ಯಾಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಮೊದಲನೆಯದನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಗುರುತಿಸಿದರು. ಎರಡನೆಯದನ್ನು ಅಡುಗೆಮನೆಯಲ್ಲೇ ನೋಡಬಹುದು: ಮೆಡಿಕಲ್ ಶಾಪಿನ ಪೆರಾಕ್ಸೈಡನ್ನು ಜಜ್ಜಿದ ಬಟಾಟೆ ಮೇಲೆ ಒಂದೆರಡು ಹನಿ ಬಿಟ್ಟರೆ ಬುಸ್ಸೆಂದು ನೊರೆ ಬರುತ್ತದೆ.

ನಮ್ಮ ಕೂಡ್ಲಿನ ಸಿ.ಪಿ.ಸಿ.ಆರ್.ಐ. ಈ ದಾರಿಯಲ್ಲಿ ಹಿಂದೆಯೇ ಕೆಲಸ ಮಾಡಿದೆ. ಪೊರೆಯ ಕೊಬ್ಬು ಎಷ್ಟು ಕೆಟ್ಟಿದೆ, ಕಿಣ್ವಗಳ ಚಟುವಟಿಕೆ ಎಷ್ಟಿದೆ ಎಂದು ಅಳೆದು ಬರ ತಾಳುವ ತೆಂಗನ್ನು ಆರಿಸುವ ಬಗ್ಗೆ ಅಲ್ಲಿನ ವಿಜ್ಞಾನಿಗಳು 1993ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಅಲ್ಲಿ ಅಳೆದದ್ದು ಕಿಣ್ವದ ಕೆಲಸವನ್ನು. ಕೆಲಸ ಕಡಿಮೆ ಕಂಡರೆ ಕಾವಲುಗಾರನೇ ಇಲ್ಲವೋ, ಇದ್ದೂ ನಿದ್ದೆ ಹೊಡೆಯುತ್ತಿದ್ದಾನೋ? ಇದನ್ನು ತಿಳಿಯಲು ಬೇಕಾಗುವುದೇ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ.

ಇದನ್ನು ತಯಾರಿಸುವ ಕ್ರಮ ಸ್ವಾರಸ್ಯದ್ದು. ಗಿಡದ ಕಿಣ್ವವನ್ನೋ, ಅದರ ಒಂದು ತುಂಡನ್ನೋ ಮೊಲಕ್ಕೆ ಹಲವು ಬಾರಿ ಚುಚ್ಚುತ್ತಾರೆ. ಮೊಲದ ರಕ್ತ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯ ಹುಟ್ಟಿಸುತ್ತದೆ. ಅದನ್ನು ಬೇರ್ಪಡಿಸಿ ಇಟ್ಟುಕೊಂಡರಾಯಿತು. ಎಲ್ಲ ಗಿಡಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುವ ತುಂಡನ್ನು ಆರಿಸಿದ್ದರೆ, ಯಾವುದೋ ದೇಶದ ಸಾಸಿವೆ ಕುಲದ ಪುಟ್ಟ ಗಿಡಕ್ಕೆಂದು ಮಾಡಿದ ಪ್ರತಿಕಾಯ ತೆಂಗಿನ ಕಿಣ್ವವನ್ನೂ ಹಿಡಿದೀತು. ಹಿಡಿದೀತು ಅಷ್ಟೇ, ಗ್ಯಾರಂಟಿ ಇಲ್ಲ. ವಿದೇಶದಿಂದ ತರಿಸುವ ಬೆರಳುದ್ದದ ಸೀಸೆಗೆ ಹತ್ತಾರು ಸಾವಿರ ರೂಪಾಯಿ ಕೊಟ್ಟ ಮೇಲೂ ಪರೀಕ್ಷಿಸಿಯೇ ನೋಡಬೇಕು.

ಪರೀಕ್ಷೆಗೆ ಗರಿಯನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಗಟ್ಟಿ ಮಾಡಿ ಅರೆಯುತ್ತಾರೆ. ತೆಂಗಿನ ಗರಿ ಹೇಳಿಕೇಳಿ ನಾರು. ಅದರೊಳಗಿನ ಚೊಗರು ಅಂಶ ಪ್ರೋಟೀನನ್ನು ಕಂದುಗಟ್ಟಿಸಿ ಕೆಡಿಸದಂತೆಯೂ ನೋಡಿಕೊಳ್ಳಬೇಕು. ಸಿಕ್ಕಿದ ರಸವನ್ನು ಕುದಿಸಿ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಜೆಲ್‌ನಲ್ಲಿ ಸಾಲುಗಟ್ಟಿಸಿ, ತೆಳು ಹಾಳೆಗೆ ಇಳಿಸುತ್ತಾರೆ. ಹಾಳೆಯಲ್ಲಿ ಉಳಿದ ಜಾಗ ಮುಚ್ಚಲು ಹಚ್ಚುವುದು ಏನು ಗೊತ್ತುಂಟಾ? ಕೆನೆ ತೆಗೆದ ಹಾಲಿನ ಪುಡಿ! ಮತ್ತೆ ಮೊಲದ ಪ್ರತಿಕಾಯ. ಅದರ ಮೇಲೆ ಆಡಿನಿಂದ ಪಡೆದ ಇನ್ನೊಂದು ಪ್ರತಿಕಾಯ. ಈ ಎರಡನೆಯದಕ್ಕೆ ಅಂಟಿಸಿದ ಕಿಣ್ವ ಬೆಳಕು ಕೊಟ್ಟರೆ ಅಲ್ಲೊಂದು ಪಟ್ಟೆ ಕಾಣುತ್ತದೆ. ಪಟ್ಟೆ ದಪ್ಪವಿದ್ದರೆ ಕಾವಲುಗಾರರು ಹೆಚ್ಚು. ಅದು ತನ್ನ ಜಾಗ ಬಿಟ್ಟು ಬೇರೆ ಕಡೆ ಬಂದರೆ ಪ್ರತಿಕಾಯ ಬೇರೆ ಯಾರನ್ನೋ ಹಿಡಿದಿದೆ ಎಂದರ್ಥ.

ಇಲ್ಲೊಂದು ತಮಾಷೆ. ಬೆಳಕು ಕೊಡುವ ಆ ಕಿಣ್ವವನ್ನು ಸಾಮಾನ್ಯವಾಗಿ ತೆಗೆಯುವುದು ಹಾರ್ಸ್‌ರ್ಯಾಡಿಷ್ ಎಂಬ ಗಡ್ಡೆಯಿಂದ. ಅದು ಕೂಡ ಪೆರಾಕ್ಸಿಡೇಸ್, ಕಾವಲುಗಾರರ ಬಳಗದ್ದೇ. ಕುದಿಸದೆ ಎಲೆಯ ಸೀಳನ್ನೇ ನೇರ ಪರೀಕ್ಷಿಸಿದರೆ ಎಲೆಯ ಸ್ವಂತ ಪೆರಾಕ್ಸಿಡೇಸ್ ಕೂಡ ಬಣ್ಣ ಕೊಟ್ಟು ಇಲ್ಲದ ಕಾವಲುಗಾರನನ್ನು ತೋರಿಸಬಹುದು. ಅದಕ್ಕೇ ಪ್ರತಿಕಾಯ ಹಾಕದ ಒಂದು ಸೀಳನ್ನು ಪಕ್ಕದಲ್ಲಿ ಇಡದವರ ಫಲಿತಾಂಶವನ್ನು ನಂಬುವಂತಿಲ್ಲ.

ಇನ್ನೊಂದು ಮಾತು. ಪ್ರತಿಕಾಯ ಕೆಟ್ಟು ಕೂತ ಕಿಣ್ವವನ್ನೂ ಹಿಡಿಯುತ್ತದೆ. ತಾಮ್ರ, ಸತುವಿನಂಥ ಲೋಹ ಸೇರದ ಕಿಣ್ವ ಕೆಲಸ ಮಾಡದು, ಆದರೂ ಹಾಳೆಯಲ್ಲಿ ಪಟ್ಟೆ ಮೂಡೀತು. ಹಾಜರಿ ಪುಸ್ತಕದಲ್ಲಿ ಸಹಿ ಉಂಟು, ಆಳು ಗದ್ದೆಗಿಳಿದಿಲ್ಲ ಎಂಬಂತೆ. ಹಾಗಾಗಿ ಪ್ರತಿಕಾಯವೊಂದನ್ನೇ ನಂಬಿ ಸಸಿ ಆರಿಸುವುದು ತಪ್ಪಾದೀತು. ಚಟುವಟಿಕೆಯ ಅಳತೆಯೂ ಜತೆಗೆ ಬೇಕು.

ಪ್ರತಿಕಾಯ ತೆಂಗಿಗೆ ಅಪರಿಚಿತವೇನಲ್ಲ. ತೆಂಕಣ ಕೇರಳವನ್ನು ಕಾಡುವ ಬೇರು ಸೊರಗು ರೋಗಕ್ಕೆ ರೋಗವಿಲ್ಲದ ತಾಯಿಮರ ಆರಿಸಲು ಸಿ.ಪಿ.ಸಿ.ಆರ್.ಐ. ಪ್ರತಿಕಾಯ ಆಧಾರಿತ ಪರೀಕ್ಷೆಯನ್ನೇ ಬಳಸಿದೆ. ಬರದ ಪರೀಕ್ಷೆ ಹಾಗೆ ‘ಉಂಟು, ಇಲ್ಲ’ ಎಂದು ಹೇಳಿ ಮುಗಿಸುವಂಥದ್ದಲ್ಲ. ಅದೇ ಮರದ ಗರಿಯನ್ನು ಮಳೆಗಾಲದಲ್ಲೊಮ್ಮೆ, ಕಡು ಬೇಸಿಗೆಯಲ್ಲೊಮ್ಮೆ ತೆಗೆದು ಹೋಲಿಸಬೇಕು. ಕೃಷಿಭವನಕ್ಕೆ ಗರಿ ಕೊಂಡುಹೋಗಿ ಮಾಡಿಸಿಕೊಂಡು ಬರುವ ಕೆಲಸವೂ ಅಲ್ಲ ಇದು. ಈಗ ಸಸಿ ನೆಡುವವರು ಬರ ತಾಳುವುದೆಂದು ಹೆಸರಾದ ಲಕ್ಷದ್ವೀಪ ಮೂಲದ ‘ಚಂದ್ರ ಕಲ್ಪ’ದಂಥ ತಳಿಯನ್ನು ವಿಚಾರಿಸಬಹುದು. 1985ರಲ್ಲಿ ಬಿಡುಗಡೆಯಾದ ತಳಿ ಅದು.