ಹೆಸರು ಮತ್ತು ಪದಾರ್ಥ: ಅಮೆರಿಕದ ಹಾಟ್ ಡಾಗಿನ ಪ್ರಾದೇಶಿಕ ಭೇದಗಳು

ಶಾಸನಗಳಲ್ಲಿಯೂ ಕಡತಗಳಲ್ಲಿಯೂ ಹೆಸರು ಕಾಣಿಸದ ಜನರ ಇತಿಹಾಸಕ್ಕೆ ಅವರ ಆಹಾರವೂ ಒಂದು ಆಕರ. ಆದರೆ ಇತರ ಆಕರಗಳಂತೆ ಅದನ್ನೂ ಪರೀಕ್ಷಿಸಿಯೇ ಬಳಸಬೇಕು. ಅಮೆರಿಕದ ಹಾಟ್ ಡಾಗ್ ಇದಕ್ಕೆ ಒಳ್ಳೆಯ ನಿದರ್ಶನ.

ಉದ್ದನೆಯ ಬನ್ನನ್ನು ಸೀಳಿ, ಬಿಸಿಯಾದ ಸಾಸೇಜನ್ನು ನಡುವೆ ಇಟ್ಟು ಕೊಡುವ ತಿನಿಸು ಇದು. ಈ ಬಗೆಯ ಸಾಸೇಜನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ತಂದವರು ಜರ್ಮನ್ ವಲಸೆಗಾರರು. ನ್ಯೂಯಾರ್ಕಿನ ಕಡಲತೀರದ ವಿಹಾರಸ್ಥಳವಾದ ಕೋನಿ ಐಲೆಂಡಿನಲ್ಲಿ ಜರ್ಮನಿಯ ಚಾರ್ಲ್ಸ್ ಫೆಲ್ಟ್‌ಮನ್ನನು ಇದರ ವ್ಯಾಪಾರದಿಂದ ಪ್ರಸಿದ್ಧನಾದನು. 1916ರಲ್ಲಿ ಪೋಲೆಂಡಿನಿಂದ ಬಂದ ಯೆಹೂದಿ ನೇಥನ್ ಹ್ಯಾಂಡ್‌ವರ್ಕರನು ಅಲ್ಲಿಯೇ ಹತ್ತು ಸೆಂಟಿನ ತಿನಿಸನ್ನು ಐದು ಸೆಂಟಿಗೆ ಮಾರತೊಡಗಿದನು. ನ್ಯೂಯಾರ್ಕಿನ ತಳ್ಳುಗಾಡಿಗಳವರು ಇದಕ್ಕೆ ಅರೆದ ಸಾಸಿವೆಯನ್ನೂ ಹುಳಿ ಬರಿಸಿದ ಎಲೆಕೋಸನ್ನೂ ಸೇರಿಸುತ್ತಾರೆ. ಈ ಹುಳಿಕೋಸು ಜರ್ಮನರ ಅಡಿಗೆಮನೆಯ ಗುರುತು.

ಡೆಟ್ರಾಯಿಟ್ ನಗರದಲ್ಲಿ ಇದೇ ತಿನಿಸಿಗೆ 'ಕೋನಿ' ಎಂದು ಹೆಸರು. ಹೆಸರನ್ನೇ ನಂಬಿದರೆ ಇದನ್ನು ನ್ಯೂಯಾರ್ಕಿನ ಕ್ರಮವೆಂದು ತಿಳಿಯಬೇಕಾಗುವುದು. ಆದರೆ ಅದರ ಮೇಲೆ ಸುರಿಯುವ ಮಸಾಲೆಯ ಕೈಮದ ಗೊಜ್ಜು ಕೋನಿ ಐಲೆಂಡಿನದಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಗ್ರೀಸ್ ಮತ್ತು ಮ್ಯಾಸಿಡೋನಿಯದ ವಲಸೆಗಾರರು ತೆರೆದ ಅಂಗಡಿಗಳಲ್ಲಿ ರೂಢಿಗೆ ಬಂದದ್ದು. ಅದೇ ಮಿಷಿಗನ್ ಸಂಸ್ಥಾನದ ಫ್ಲಿಂಟಿನಲ್ಲಿ ಈ ಕೈಮ ಗೊಜ್ಜಿನಂತಿರದೆ ಉದುರುದುರಾಗಿರುವುದು.

ಷಿಕಾಗೋವಿನ ಕ್ರಮ ಇನ್ನೊಂದು. 1893ರ ಅಲ್ಲಿನ ಮಹಾಪ್ರದರ್ಶನದಲ್ಲಿ ಆಸ್ಟ್ರಿಯಾ-ಹಂಗೆರಿಯ ಎಮಿಲ್ ರೈಕೆಲ್ ಮತ್ತು ಸ್ಯಾಮ್ಯುಯೆಲ್ ಲಡಾನಿ ಎಂಬವರು ಹಂದಿಮಾಂಸ ಸೇರದ, ದನದ ಮಾಂಸದ ಸಾಸೇಜನ್ನು ಮಾರಿದರು. ಅಲ್ಲಿ ಇಂದು ಗಸಗಸೆ ಉದುರಿಸಿದ ಬನ್ನಿನಲ್ಲಿ ಸಾಸಿವೆ, ಈರುಳ್ಳಿ, ಟೊಮೇಟೊ, ಸೌತೆಯ ಉಪ್ಪಿನಕಾಯಿ, ಹುಳಿಯಲ್ಲಿ ನೆನೆದ ಮೆಣಸಿನಕಾಯಿ, ಸೆಲರಿ ಉಪ್ಪು ಇವೆಲ್ಲ ಇರಬೇಕು; ಕೆಚಪ್ ಮಾತ್ರ ನಿಷಿದ್ಧ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬಡವನಿಗೆ ಒಂದೇ ಬನ್ನಿನಲ್ಲಿ ಊಟ ಒದಗಿಸಲು ಇಷ್ಟು ತರಕಾರಿ ಸೇರಿತೆಂಬುದು ಪ್ರತೀತಿ. ನಗರದ ಹೆಸರು ಹೊತ್ತ ಈ ಕ್ರಮದ ಮೂಲದ್ರವ್ಯವೇ ಹೊರಗಿನಿಂದ ಬಂದುದು.

ಅರಿಜೋನದ ಟೂಸಾನಿನಲ್ಲಿ ಪ್ರಚಲಿತವಾಗಿರುವ 'ಸೊನೋರ' ಹಾಟ್ ಡಾಗಿನಲ್ಲಿ ಸಾಸೇಜಿಗೆ ಬೇಕನ್ ಎಂಬ ಉಪ್ಪೂಡಿಸಿದ ಹಂದಿಮಾಂಸದ ಪಟ್ಟಿಯನ್ನು ಸುತ್ತಿ ಸುಟ್ಟು, ಬೇಯಿಸಿದ ಪಿಂಟೋ ಬೀನ್ಸ್, ಟೊಮೇಟೊ, ಮೆಣಸಿನಕಾಯಿಯ ಸಾಸು ಮೊದಲಾದುವನ್ನು ಹಾಕುತ್ತಾರೆ. ಸೊನೋರವು ಗಡಿಯಾಚೆಯ ಮೆಕ್ಸಿಕೋದ ಸಂಸ್ಥಾನ. ಇಲ್ಲಿ ಹೆಸರೂ ಪದಾರ್ಥವೂ ಒಂದನ್ನೊಂದು ಸಮರ್ಥಿಸುತ್ತವೆ.

ಇದರಿಂದ ವಿದಿತವಾಗುವುದಿಷ್ಟು: ಹೆಸರು ಕೊಳ್ಳುವವನು ಬಲ್ಲ ಕೀರ್ತಿಯನ್ನು ಹೇಳುತ್ತದೆ, ಪದಾರ್ಥ ಮಾರುವವನ ಮನೆಯನ್ನು ಹೇಳುತ್ತದೆ. ಇವೆರಡೂ ಭಿನ್ನವಾದಾಗ ಒಂದನ್ನು ಸುಳ್ಳೆಂದು ತಳ್ಳಿಹಾಕಲಾಗದು. ಡೆಟ್ರಾಯಿಟಿನ ಗ್ರೀಕನು ಪರರ ಹೆಸರಿನಲ್ಲಿ ತನ್ನ ಕೈರುಚಿಯನ್ನು ಮಾರಿದನೆಂಬುದೇ ಅವನ ವಲಸೆಯ ಇತಿಹಾಸ.